ನಲವತ್ತೈದನೆಯ ಹಲ್ಲು

ನನ್ನ ಬರೆಯುವ ಮೇಜಿನ ಮೇಲೆ ಒಂದು ಕಬ್ಬಿಣದ ಉಂಗುರವಿದೆ. ಅಂಗೈಗಿಂತ ತುಸು ದೊಡ್ಡದು. ಹೊರ ಅಂಚಿನ ಸುತ್ತಲೂ ಹಲ್ಲುಗಳು. ಫ್ಯಾನಿನ ಗಾಳಿಗೆ ಹಾಳೆಗಳು ಹಾರದಿರಲೆಂದು ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಅದನ್ನು ಎತ್ತಿ ನೋಡದೆ ಹೋಗುವುದಿಲ್ಲ. ಒಬ್ಬರು ಅದನ್ನು ಕಬ್ಬಿನ ಗಾಣದ ತುಂಡೆಂದರು. ನನ್ನ ವೃತ್ತಿಯನ್ನು ಬಲ್ಲ ಇನ್ನೊಬ್ಬರು ಎರಡೂ ಕೈಯಲ್ಲಿ ಹಿಡಿದು, ಧ್ವನಿ ತಗ್ಗಿಸಿ, "ಯಾವ ಕಾಲದ್ದು ಸರ್, ವಿಜಯನಗರದ್ದಾ?" ಎಂದು ಕೇಳಿದರು. "೨೦೦೪ರದು" ಎಂದೆ. ಅವರಿಗೆ ನಿರಾಸೆಯಾಯಿತು. ನನಗೋ, ಅವರು ಹೋದ ಮೇಲೆ ಅನುಮಾನ ಶುರುವಾಯಿತು: ೨೦೦೪ ಹೌದೇ, ಅಥವಾ ೨೦೦೩ರ ಕೊನೆಯೇ?

ಕೆರೆಗಳ ಇತಿಹಾಸವನ್ನೂ ಕೆರೆ ಏರಿಯ ಮೇಲಿನ ಶಾಸನಗಳನ್ನೂ ಓದುತ್ತ ಮೂವತ್ತು ವರ್ಷಕ್ಕೂ ಮಿಕ್ಕಿ ಕಳೆದವನಿಗೆ ಇಂಥ ಅನುಮಾನ ಬಂದರೆ ಅನ್ನ ಸೇರುವುದಿಲ್ಲ. ಉಂಗುರವನ್ನು ಕಡೆದುಕೊಟ್ಟ ಹರಪನಹಳ್ಳಿಯ ಲೇಥ್ ಅಂಗಡಿಯ ರಸೀದಿಯನ್ನು ಹುಡುಕಿ ತೆಗೆದೆ. ತಾರೀಖು, ತಿಂಗಳು ಸ್ಪಷ್ಟವಾಗಿದ್ದವು; ವರ್ಷದ ಮೇಲೆ ಗ್ರೀಸಿನ ಹೆಬ್ಬೆಟ್ಟು ಕುಳಿತಿತ್ತು. ತಲೆಬರಹದಲ್ಲಿ "ಹರಪನಹಳ್ಳಿ, ಬಳ್ಳಾರಿ ಜಿಲ್ಲೆ" ಎಂದು ಅಚ್ಚಾಗಿತ್ತು. ಹರಪನಹಳ್ಳಿ ೧೯೯೭ರಲ್ಲಿಯೇ ದಾವಣಗೆರೆ ಜಿಲ್ಲೆಗೆ ಸೇರಿತ್ತು. ದಾಖಲೆಯನ್ನೇ ನಂಬುವುದಾದರೆ ರಸೀದಿ ಅದಕ್ಕಿಂತ ಹಿಂದಿನದಾಗಬೇಕು. ಆದರೆ ಆಗ ನಾನಿನ್ನೂ ನಿವೃತ್ತನಾಗಿರಲಿಲ್ಲ, ಈ ಉಂಗುರಕ್ಕೆ ಕಾರಣವಾದ ಕಾರೂ ನನ್ನದಾಗಿರಲಿಲ್ಲ. ಈ ತೊಡಕನ್ನು ಲೇಥಿನ ಮೌನೇಶಪ್ಪ ಬಹಳ ಹಿಂದೆಯೇ ಬಿಡಿಸಿದ್ದರು: "ಜಿಲ್ಲಾ ಬದಲಿ ಆತು ಅಂತ ಬಿಲ್ ಬುಕ್ಕ ಒಲಿಯಾಗ ಹಾಕಾಕ ಬರ್ತೈತೇನ್ರಿ ಸರ್? ಇನ್ನೂ ಅರ್ಧ ಐತಿ." ಎಷ್ಟು ತಾಮ್ರಪಟಗಳ ಹಿಂದೆ ಇಂಥ ಅರ್ಧ ಉಳಿದ ಬಿಲ್ ಬುಕ್ಕುಗಳಿವೆಯೋ ಎಂದು ಅಂದೇ ನನಗೆ ಗಾಬರಿಯಾಗಿತ್ತು. ನನ್ನ ದಿನಚರಿಯ ಆಧಾರದಿಂದ ೨೦೦೪ ಎಂದೇ ಸದ್ಯಕ್ಕೆ ಇಟ್ಟುಕೊಳ್ಳೋಣ.

ಉಂಗುರದ ಕಥೆ ಕಾರಿನ ಕಥೆ. ಕಾರಿನ ಕಥೆ ನನ್ನ ಸೋದರಮಾವನದು.

ಮಾವ ಹಡಗಲಿಯಲ್ಲಿ ಹತ್ತಿಯ ವ್ಯಾಪಾರಿ. ಸೊಂಡೂರಿನ ಗುಡ್ಡಗಳಲ್ಲಿ ಗಣಿಯ ಮ್ಯಾನೇಜರನಾಗಿದ್ದ ಒಬ್ಬ ಆಂಗ್ಲ ತನ್ನ ದೇಶಕ್ಕೆ ಹಿಂದಿರುಗುವಾಗ ಮಾರಿದ ಕಾರನ್ನು ಅವರು ಕೊಂಡಿದ್ದರು. ಎರಡೇ ಆಸನ, ಎರಡೇ ಬಾಗಿಲು, ಮೇಲೆ ಬಟ್ಟೆಯ ಛಾವಣಿ, ಉದ್ದನೆಯ ಮೂತಿ. ನೆಲಕ್ಕೆ ಎಷ್ಟು ಹತ್ತಿರವೆಂದರೆ ದಾರಿಯ ನಾಯಿಗಳು ನಮ್ಮ ಮುಖಕ್ಕೆ ಮುಖ ಕೊಟ್ಟು ಬೊಗಳುತ್ತಿದ್ದವು. ಅಂಥದನ್ನು ಸ್ಪೋರ್ಟ್ಸ್ ಕಾರು ಎನ್ನುತ್ತಾರೆಂದು ನನಗೆ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ಹಡಗಲಿಯಲ್ಲಿ ಅದರ ಹೆಸರು "ಮೋಟು ಗಾಡಿ". ಶಾಲೆಯ ರಜೆಯಲ್ಲಿ ನಾನು ಹೋದರೆ ಆಸನಗಳ ಹಿಂದಿನ ಸಾಮಾನಿನ ಹಲಗೆಯೇ ನನ್ನ ಪೀಠ. ಮೊಣಕಾಲು ಗಲ್ಲಕ್ಕೆ ತಾಗಿಸಿ ಕೂರಬೇಕು. ಬಿಸಿಲಿಗೆ ಕಾದ ಚರ್ಮದ ವಾಸನೆ, ಪೆಟ್ರೋಲಿನ ವಾಸನೆ, ಮಾವನ ಎಲೆಯಡಿಕೆಯ ವಾಸನೆ, ಈ ಮೂರೂ ಬೆರೆತದ್ದನ್ನು ಇಂದು ಯಾರಾದರೂ ಸೀಸೆಯಲ್ಲಿ ತುಂಬಿ ತಂದುಕೊಟ್ಟರೆ ನಾನು ಕಣ್ಣು ಮುಚ್ಚಿ ಹನ್ನೆರಡು ವರ್ಷದವನಾಗಬಲ್ಲೆ. ಬ್ರೇಕು ಅಂದೂ ಅಷ್ಟಕ್ಕಷ್ಟೆ. ಮಾವ ಅರ್ಧ ಕಾಲಿನಿಂದ, ಇನ್ನರ್ಧ ಬಾಯಿಂದ ಕಾರು ನಿಲ್ಲಿಸುತ್ತಿದ್ದರು. "ಏ ತಂಗೀ, ಸರೀ! ಏ ಗೌಡಾ, ಎತ್ತು ಹಿಡಿಯೋ!" ಎಂಬ ಕೂಗು ಕಾರಿಗಿಂತ ಹತ್ತು ಮಾರು ಮುಂದೆ ಓಡುತ್ತಿತ್ತು.

ತುಂಗಭದ್ರಾ ಅಣೆಕಟ್ಟೆಯಲ್ಲಿ ಮೊದಲ ಸಲ ನೀರು ನಿಂತಾಗ ಇದೇ ಕಾರಿನಲ್ಲಿ ಹೋಗಿ ನೋಡಿಬಂದುದಾಗಿ ಮಾವ ಕೊನೆಯವರೆಗೂ ಹೇಳುತ್ತಿದ್ದರು. ಅಣೆಕಟ್ಟೆ ೧೯೫೩ರದು. ಎಂಜಿನ್ನಿನ ಬಳಿಯ ತಗಡಿನ ಫಲಕವನ್ನು ನಾನು ಮುಂದೆ ಉಜ್ಜಿ ಓದಿದಾಗ, ಕಾರು ತಯಾರಾದದ್ದೇ ಅದಕ್ಕೆ ಎರಡು ವರ್ಷ ತಡವಾಗಿ ಎಂದು ತಿಳಿಯಿತು. ಮಾವ ಸುಳ್ಳುಗಾರರಲ್ಲ. ಊರಿನವರೆಲ್ಲ "ಇದರಾಗ ಡ್ಯಾಮ್ ನೋಡಾಕ ಹೋಗಿದ್ರಂತಲ್ರಿ?" ಎಂದು ಕೇಳಿ ಕೇಳಿ, ಅವರು "ಹೂಂ" ಅಂದು ಅಂದು, ಕೊನೆಗೆ ಅದು ಅವರಿಗೆ ನಿಜವಾಗಿಯೇ ನೆನಪಿಗೆ ಬರತೊಡಗಿತ್ತು. ಆಗ ಇದನ್ನು ನಾನು ತಮಾಷೆಯೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಎಚ್ಚರಿಕೆಯೆಂದು ಬರೆದುಕೊಳ್ಳಬೇಕಿತ್ತು.

ನಿವೃತ್ತಿಯಾಗಿ ಕೊಟ್ಟೂರಿನಲ್ಲಿ ನೆಲೆಸಿದ ಮೇಲೆ ಆ ಕಾರು ನನ್ನ ಪಾಲಿಗೆ ಬಂದಿತು. ಹಡಗಲಿಯ ಗೋದಾಮಿನಲ್ಲಿ ಖಾಲಿ ಗೋಣಿಚೀಲಗಳ ಕೆಳಗೆ ಅದು ಮಲಗಿತ್ತು. ಮಾವನ ಮಗಳು, "ಒಯ್ಯೋ ಮಾರಾಯ. ಆದ್ರ ಸೀಟಿನ ಮ್ಯಾಲೆ ಕೋಳಿ ಕಾವಿಗೆ ಕುಂತೈತಿ, ಅದು ಎದ್ದ ಮ್ಯಾಲೆ ಒಯ್ಯಿ" ಎಂದಳು. ಇಪ್ಪತ್ತೊಂದು ದಿನ ಕಾದು ತಂದೆ.

ಆ ಕಾರು ನನಗೇಕೆ ಬೇಕಿತ್ತು ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ನನ್ನ ಹೆಂಡತಿ ಸುಮಂಗಲಾ ಶಾಲೆಗಳಲ್ಲಿ ಲೆಕ್ಕ ಕಲಿಸುತ್ತಿದ್ದವಳು. ಚಿಗಟೇರಿ, ಹಿರೇಹಡಗಲಿ ಎಂದು ವರ್ಗವಾದ ಕಡೆಗೆಲ್ಲ ಎರಡು ಪೆಟ್ಟಿಗೆ, ಒಂದು ಸ್ಟೋವು ಹಿಡಿದು ಒಬ್ಬಳೇ ಹೋಗಿ ಸಂಸಾರ ಹೂಡಿದವಳು. ನಾನು ಸಂಶೋಧನಾ ಸಂಸ್ಥೆಯ ಜೀಪಿನಲ್ಲಿ ಕೆರೆಯಿಂದ ಕೆರೆಗೆ ಅಲೆಯುತ್ತಿದ್ದೆ. ಅವಳು ಹಿರೇಹಡಗಲಿಯಲ್ಲಿದ್ದ ವರ್ಷಗಳಲ್ಲಿ ಹೊಳಲಿನ ಅನಂತಶಯನನ ಗುಡಿಗೆ ಕರೆದುಕೊಂಡು ಹೋಗುವೆನೆಂದು ಮಾತು ಕೊಟ್ಟಿದ್ದೆ. ದೂರವೇನಿಲ್ಲ. ನಾನು ಎರಡು ಸಲ ಹೊಳಲಿಗೆ ಹೋದೆ, ಎರಡು ಸಲವೂ ಸಹೋದ್ಯೋಗಿಗಳ ಜೊತೆಗೆ. ವಿಗ್ರಹದ ಅಳತೆ ತೆಗೆದುಕೊಂಡು, ಅವಳ ಶಾಲೆಯ ಮುಂದಿನಿಂದಲೇ ಜೀಪಿನಲ್ಲಿ ಹಾದು ಬಂದೆ. ಅವಳು ತಾನೇ ಬಸ್ಸು ಹತ್ತಿ ಹೋಗಬಹುದಿತ್ತು, ಹೋಗಲಿಲ್ಲ. "ಕರಕೊಂಡು ಹೋಗ್ತೀನಿ ಅಂದೋರು ಕರಕೊಂಡು ಹೋಗ್ಲಿ" ಎಂದು ಒಮ್ಮೆ ಅಂದಳು; ಮತ್ತೆ ಅನ್ನಲಿಲ್ಲ. ಮತ್ತೆ ಅನ್ನದಿದ್ದುದೇ ನನ್ನನ್ನು ಕೊರೆಯುತ್ತಿತ್ತು. ಎರಡೇ ಆಸನದ ಕಾರು: ಒಂದರಲ್ಲಿ ನಾನು, ಇನ್ನೊಂದರಲ್ಲಿ ಅವಳು, ಮೂರನೆಯವರಿಗೆ ಜಾಗವೇ ಇಲ್ಲ. ನನ್ನ ಉಪಾಯ ಅಷ್ಟೆ.

ದಿನಚರಿಯ ಪ್ರಕಾರ ೨೦೦೩ರ ಮುಂಗಾರಿನ ಮೊದಲ ವಾರ. ಹೊಳಲಿಗೆ ಹೊರಡುವ ಮೊದಲು ಅಭ್ಯಾಸಕ್ಕೆಂದು ಅವಳನ್ನು ಕೂರಿಸಿಕೊಂಡು ಕೂಡ್ಲಿಗಿಯ ಕಡೆಗೆ ಹೊರಟೆ. ಆಗಷ್ಟೇ ನಾಲ್ಕು ಹನಿ ಬಿದ್ದು ಟಾರು ರಸ್ತೆ ಎಣ್ಣೆ ಹಚ್ಚಿದ ಹಂಚಿನಂತೆ ಮಿನುಗುತ್ತಿತ್ತು. ತಿರುವಿನಲ್ಲಿ ಕುರಿಹಿಂಡು. ಬ್ರೇಕು ಒತ್ತಿದೆ. ನಾಲ್ಕೂ ಗಾಲಿಗಳು ಬಿಗಿದು ನಿಂತವು. ಕಾರು ಮಾತ್ರ ನಿಲ್ಲಲಿಲ್ಲ. ಅಡ್ಡಡ್ಡ ಜಾರುತ್ತ, ಬಲು ಗಂಭೀರವಾಗಿ ಒಂದು ಅರ್ಧ ಸುತ್ತು ತಿರುಗಿ, ಮೂತಿಯನ್ನು ಮರಳಿ ಕೊಟ್ಟೂರಿಗೆ ಮಾಡಿ ನಿಂತಿತು. ಕುರಿಗಳಿಗೂ ನಮಗೂ ಏನೂ ಆಗಲಿಲ್ಲ. ಕುರಿಗಾರ ನಮ್ಮನ್ನು ನೋಡಿ, "ಮನ್ಯಾಗ ಏನರ ಮರತು ಬಂದ್ರೇನ್ರಿ?" ಎಂದ.

ಸುಮಂಗಲಾ ಕಾರಿನಿಂದಿಳಿದು, ಸೆರಗು ಸರಿಮಾಡಿಕೊಂಡು, ಕಾರಿನ ಮೂತಿಯನ್ನೂ ನನ್ನನ್ನೂ ನೋಡಿದಳು. "ಮನಿಗೆ ಹೋಗೋದು ಚಲೋ ಅಂತ ಅದಕ್ಕ ತಿಳದೈತಿ. ನಿಮಗ ತಿಳಿದಿಲ್ಲ" ಎಂದು, ಬಂದ ಬಸ್ಸಿಗೆ ಕೈಮಾಡಿದಳು. ಹತ್ತುವಾಗ ತಿರುಗಿ ಹೇಳಿದಳು: "ಹೋಗೋ ದಿಕ್ಕಿಗೇ ನೆಟ್ಟಗ ನಿಲ್ಲೂದು ಕಲತ ದಿವಸ ಹೇಳ್ರಿ, ಕೂಡ್ತೀನಿ. ಅಲ್ಲಿ ತನಕ ಹೊಳಲು ಅಲ್ಲೇ ಇರ್ತೈತಿ."

ಕೂಡ್ಲಿಗಿಯ ಹೆದ್ದಾರಿಯ ಪಕ್ಕದಲ್ಲಿ ದುರುಗಪ್ಪನ ಗ್ಯಾರೇಜು. ಲಾರಿಗಳ ಕೆಳಗೆ ಮಲಗಿಯೇ ತಲೆ ನರೆಸಿಕೊಂಡ ಆಸಾಮಿ. ನನ್ನ ದುಃಖವನ್ನೆಲ್ಲ ಕೇಳಿ, "ಬ್ರೇಕ್ ಹಿಡೀವಲ್ದು ಅಂತ ಬರೋರೇ ಎಲ್ಲಾರು. ಹಿಡದದ್ದು ಜಾಸ್ತಿ ಆತು ಅಂತ ಬಂದೋರು ನೀವ ಮೊದಲ್ನೇರು" ಎಂದ. ಆಮೇಲೆ ಎ.ಬಿ.ಎಸ್. ಎಂಬುದನ್ನು ವಿವರಿಸಿದ. "ಹಳೇ ಲಾರಿ ಡ್ರೈವರು ಮಳ್ಯಾಗ ಏನ್ ಮಾಡ್ತಾನ್ರಿ? ಒತ್ತಿ ಬಿಡ್ತಾನ, ಒತ್ತಿ ಬಿಡ್ತಾನ. ಗಾಲಿ ಬಿಗೀಬಾರ್ದು ನೋಡ್ರಿ, ಉಳ್ಳಿಕೋಂತನ ನಿಲ್ಲಬೇಕು. ಈ ಹೊಸಾ ಕಾರಿನಾಗ ಅದನ್ನ ಒಂದು ಡಬ್ಬಿ ಮಾಡ್ತೈತಿ. ಸೆಕೆಂಡಿಗೆ ಹತ್ತು ಸಲ ಒತ್ತಿ ಬಿಡ್ತೈತಿ."

ಹೆದ್ದಾರಿಯಲ್ಲಿ ನಜ್ಜುಗುಜ್ಜಾದ ಒಂದು ದುಬಾರಿ ಹೊಸ ಕಾರು ಹುಬ್ಬಳ್ಳಿಯ ಗುಜರಿಯಲ್ಲಿತ್ತು. ಅದರ ಆ ಡಬ್ಬಿ, ಡಿಸ್ಕ್ ಬ್ರೇಕು, ಶಾಕ್ ಅಬ್ಸಾರ್ಬರು, ತಂತಿಗಳು ಎಲ್ಲವೂ ಲಾರಿಯ ಮೇಲೆ ಬಂದವು. ನಮ್ಮ ಕಾರಿನ ಅಡಿಯ ಮುದಿ ಕಮಾನುಪಟ್ಟಿಗಳನ್ನು ಬಿಚ್ಚಿದಾಗ ಅವುಗಳ ನಡುವೆ ಹತ್ತಿಬೀಜ ಸಿಕ್ಕಿತು. ಹೊಸ ಶಾಕ್ ಅಬ್ಸಾರ್ಬರು ಕೂರಲೆಂದು ದುರುಗಪ್ಪ ಚಾಸಿಗೆ ಕಬ್ಬಿಣದ ಕಿವಿಗಳನ್ನು ಬೆಸೆದ. ನಾನು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡೆ. ಅವನಿಗೆ ಅದರಿಂದ ಉಪಯೋಗವಾಗಲಿಲ್ಲ. ನನಗೆ ಮಾತ್ರ ಬಹಳ ತೃಪ್ತಿಯಾಯಿತು.

ಉಳಿದದ್ದು ಉಂಗುರ. ಪ್ರತಿ ಗಾಲಿಯ ಒಳಗೂ ಇಂಥದೊಂದು ಹಲ್ಲಿನ ಉಂಗುರ ತಿರುಗುತ್ತದೆ. ಅದರ ಹಲ್ಲುಗಳು ಹಾದುಹೋಗುವ ವೇಗವನ್ನು ಪಕ್ಕದಲ್ಲಿರುವ ಸೆನ್ಸರು ಎಣಿಸಿ ಡಬ್ಬಿಗೆ ತಿಳಿಸುತ್ತದೆ. ಹಲ್ಲು ಬರುವುದು ಫಕ್ಕನೆ ತಡವಾದರೆ ಗಾಲಿ ಬಿಗಿಯುತ್ತಿದೆಯೆಂದು ಡಬ್ಬಿ ತಿಳಿದು ಬ್ರೇಕು ಸಡಿಲಿಸುತ್ತದೆ. ಹೊಸ ಕಾರಿನ ಉಂಗುರಗಳು ಹಳೆಯ ಕಾರಿಗೆ ಚಿಕ್ಕವಾದವು. ಅಷ್ಟೇ ಹಲ್ಲಿನ, ಆದರೆ ದೊಡ್ಡದಾದ ನಾಲ್ಕು ಉಂಗುರ ಕಡೆಸಬೇಕಿತ್ತು. "ಹಲ್ಲು ಎಷ್ಟದಾವ ಎಣಿಸಿ ಬರಕೊಡ್ರಿ ಸರ್. ಎಣಿಸೋದು, ಬರಿಯೋದು ನಿಮ್ಮ ಇಲಾಖಿ" ಎಂದ ದುರುಗಪ್ಪ.

ಓದುಗರೇ, ನಾನು ಹಿಗ್ಗಿದೆ. ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತಿಟ್ಟು, ಅಲ್ಲಿಂದ ಆರಂಭಿಸಿ, ಅದೇ ಗುರುತಿಗೆ ಬರುವವರೆಗೆ ಎಣಿಸಿದೆ. ನಲವತ್ತೈದು. ತಾಳೆ ನೋಡದೆ ಯಾವುದನ್ನೂ ಒಪ್ಪುವವನಲ್ಲವಾದ್ದರಿಂದ ವೃತ್ತದ ಮುನ್ನೂರ ಅರುವತ್ತು ಡಿಗ್ರಿಯನ್ನು ನಲವತ್ತೈದರಿಂದ ಭಾಗಿಸಿದೆ. ಹಲ್ಲಿಗೆ ಎಂಟು ಡಿಗ್ರಿ, ಶೇಷ ಸೊನ್ನೆ. ಇಷ್ಟು ಶುದ್ಧವಾಗಿ ಬಂದ ಲೆಕ್ಕ ತಪ್ಪಿರಲು ಸಾಧ್ಯವೇ? ಹಾಳೆಯಲ್ಲಿ "ಹಲ್ಲುಗಳು: ೪೫ (ಪರಿಶೀಲಿಸಿದೆ)" ಎಂದು ಬರೆದು, ಕೆಳಗೆ ಸಹಿ ಮಾಡಿ, ಮಾದರಿ ಉಂಗುರದ ಜೊತೆ ಹರಪನಹಳ್ಳಿಯ ಮೌನೇಶಪ್ಪನವರಿಗೆ ಕೊಟ್ಟೆ. ಅವರು ಹಾಳೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಗೋಡೆಯ ಮೇಲಿನ ದೇವರ ಪಟದ ಚೌಕಟ್ಟಿಗೆ ಸಿಕ್ಕಿಸಿದರು.

ನಾಲ್ಕು ಉಂಗುರಗಳೂ ಬಂದು, ಗಾಲಿಗಳೊಳಗೆ ಸೇರಿ, ಗ್ರೀಸು ಬಳಿದದ್ದಾಯಿತು. ಕೂಡ್ಲಿಗಿಯ ಹೊರಗಿನ ಬಯಲಿನಲ್ಲಿ ಪರೀಕ್ಷೆ. ದುರುಗಪ್ಪ ಸೈಕಲ್ಲಿನ ವೇಗದಲ್ಲಿ ಬಂದು ಬ್ರೇಕು ಮುಟ್ಟಿದ. ಪೆಡಲು ಟಕಟಕನೆ ಅವನ ಕಾಲನ್ನೇ ಒದೆಯಿತು. ಕಾರು ನಿಲ್ಲದೆ ಸಾವಕಾಶವಾಗಿ ಚಹಾದಂಗಡಿಯನ್ನು ದಾಟಿ, ಅಲ್ಲಿ ಕುಳಿತವರಿಗೆಲ್ಲ ದರ್ಶನ ಕೊಟ್ಟು, ಬಣವೆಯೊಂದಕ್ಕೆ ಮೂತಿ ಹಚ್ಚಿ ನಿಂತಿತು. ಮೊದಲು ಹಿಡಿದದ್ದು ಬಿಡುತ್ತಿರಲಿಲ್ಲ. ಈಗ ಬಿಟ್ಟದ್ದು ಹಿಡಿಯಲೊಲ್ಲದು. "ಒಣಾ ನೆಲದಾಗ ಗಾಲಿ ಬಿಗಿದಾವ ಅಂತ ತಿಳಕೊಂಡೈತ್ರಿ ಇದು. ಯಾರೋ ಇದಕ್ಕ ಸುಳ್ಳು ಹೇಳಾಕತ್ಯಾರ" ಎಂದ ದುರುಗಪ್ಪ.

ಎರಡು ತಿಂಗಳು ಆ ಸುಳ್ಳುಗಾರನನ್ನು ಹುಡುಕಿದೆವು. ತಂತಿ ಬದಲಿಸಿದ, ಸೆನ್ಸರು ಬದಲಿಸಿದ, ಡಬ್ಬಿಯನ್ನೇ ಬದಲಿಸಿದ. ನಾನು ನನ್ನ ಕ್ರಮದಲ್ಲಿ ಹೊರಟು ಹರಪನಹಳ್ಳಿಗೆ ಮೂರು ಸಲ ಹೋಗಿ ವಿಚಾರಣೆ ಮಾಡಿದೆ. "ಮೌನೇಶಪ್ಪಾ, ನಲವತ್ತೈದೇ ಅಲ್ಲವೆ?" "ಹೌದ್ರಿ ಸರ್." "ಬರೆದುಕೊಟ್ಟಂತೆಯೇ ಅಲ್ಲವೆ?" "ಹೌದ್ರಿ ಸರ್, ನೀವು ಬರದಂಗನ." ಮೂರು ಸಲವೂ ಒಂದೇ ಉತ್ತರ. ಅದನ್ನು ಮೂರು ಸಾಕ್ಷ್ಯಗಳೆಂದು ಬರೆದುಕೊಂಡೆ.

ನಾಲ್ಕನೆಯ ಸಲ, ಹರಪನಹಳ್ಳಿಯಲ್ಲಿ ಬಂಧುಗಳ ಮನೆಯ ತೊಟ್ಟಿಲ ಕಾರ್ಯವಿದ್ದುದರಿಂದ ಸುಮಂಗಲಾ ಕೂಡ ಬಂದಿದ್ದಳು. ಬಸ್ಸಿನಲ್ಲಿ ಬಂದಿದ್ದೆವೆಂದು ಬೇರೆ ಹೇಳಬೇಕಿಲ್ಲ. ಹೋಗುವ ದಾರಿಯಲ್ಲಿ ಲೇಥಿಗೆ ಹೊಕ್ಕೆವು. ನಾನು ನನ್ನ ಪ್ರಶ್ನೆ ಕೇಳಿದೆ. ಅವರು ಅವರ "ಹೌದ್ರಿ ಸರ್" ಹೇಳಿದರು. ಸುಮಂಗಲಾ ಇಬ್ಬರನ್ನೂ ನೋಡಿ, ಸ್ಟೂಲಿನ ಮೇಲೆ ಕುಳಿತು, ತರಗತಿಯ ಧ್ವನಿಯಲ್ಲಿ ಕೇಳಿದಳು:

"ಮೌನೇಶಪ್ಪಾರ, ಇದನ್ನ ಹೆಂಗ ಕಡದ್ರಿ? ನನಗ ಗೊತ್ತಿಲ್ಲ, ಹೇಳ್ರಿ."

ಅವರ ಮುಖ ಅರಳಿತು. ಅಲ್ಲಿಯವರೆಗೆ ಯಾರೂ ಅದನ್ನು ಕೇಳಿರಲಿಲ್ಲ. ಮಾದರಿ ಉಂಗುರವನ್ನು ಹೊಸದರ ಬೆನ್ನಿಗೆ ಸೇರಿಸಿ ಒಂದೇ ದಂಡಕ್ಕೆ ಬಿಗಿದದ್ದು, ಹಳೆಯದರ ಒಂದೊಂದು ಸಂದಿಗೂ ಮೊಳೆ ಸಿಕ್ಕಿಸಿ ಹಿಡಿದು ಹೊಸದರಲ್ಲಿ ಒಂದೊಂದು ಸಂದಿ ಕಡೆದದ್ದು, ಎಲ್ಲವನ್ನೂ ಕೈ ಆಡಿಸುತ್ತ ಹೇಳಿದರು. ಅಳತೆಪಟ್ಟಿ ಬೇಡ, ಲೆಕ್ಕ ಬೇಡ. ಹಳೆಯದೇ ಹೊಸದಕ್ಕೆ ದಾರಿ ತೋರಿಸುತ್ತದೆ.

"ಭಾಳ ಚಲೋ. ಹಂಗ ಕಡಕೋಂತ ಹೋದಾಗ ಎಷ್ಟಕ್ಕ ಸುತ್ತು ಮುಗೀತು?"

ಮೌನೇಶಪ್ಪ ನನ್ನ ಕಡೆ ನೋಡಿದರು. ವೇಸ್ಟ್ ಬಟ್ಟೆಯಿಂದ ಕೈ ಒರೆಸಿಕೊಂಡರು. ಮೊದಲೇ ಒರೆಸಿದ್ದ ಕೈ.

"ನಲವತ್ನಾಕಕ್ಕ ಮುಗೀತ್ರಿ ಅಮ್ಮಾರ."

"ಮತ್ತ ಇನ್ನೊಂದು ಎಲ್ಲಿಂದ ಬಂತು?"

"ಸರ್ ಬರದಿದ್ರಲ್ರಿ, ಸಹಿ ಮಾಡಿ. ಅಷ್ಟು ಓದಿದೋರು ತಪ್ಪು ಬರೀತಾರೇನ್ರಿ? ನನ್ನ ಕೈಯಾಗ ಏನೋ ಹೆಚ್ಚುಕಮ್ಮಿ ಆಗೈತಿ ಅಂತ..." ಅವರ ಧ್ವನಿ ಇಳಿಯಿತು. "ಒಂದು ಹಲ್ಲು ನಡಕ ಸೀಳಿ ಎರಡು ಮಾಡೀನ್ರಿ. ನಾಲ್ಕಕ್ಕೂ."

ಸುಮಂಗಲಾ ಮಾದರಿ ಉಂಗುರವನ್ನು ಕೈಗೆತ್ತಿಕೊಂಡಳು. ನನ್ನ ಸೀಮೆಸುಣ್ಣದ ಗುರುತು ಇನ್ನೂ ಇತ್ತು. "ಇದನ್ನ ಒಂದು ಅಂತ ಶುರು ಮಾಡಿದ್ರಿ, ಸುತ್ತಿ ಬಂದು ಇದನ್ನ ನಲವತ್ತೈದು ಅಂದ್ರಿ. ಹೌದಿಲ್ಲೋ? ಹೊರಟ ಮನಿಗೇ ಬಂದು, ಹೊಸಾ ಮನಿ ಅಂದಂಗ." ಆಮೇಲೆ, ನನ್ನ ಮುಖ ನೋಡಿಯೋ ಏನೋ, ಮೆಲ್ಲಗೆ, "ಇರ್ಲಿ ಬಿಡ್ರಿ, ಎಲ್ಲಾರೂ ಮಾಡ್ತಾರ" ಎಂದಳು.

ಎಲ್ಲರೂ ಮಾಡಬಹುದು; ನಾನು ಮಾಡುವಂತಿರಲಿಲ್ಲ. ಶಾಸನಗಳ ಶಕವರ್ಷವನ್ನು ಕಳೆದ ವರ್ಷವೆಂದು ಎಣಿಸಬೇಕೋ ನಡೆಯುತ್ತಿರುವ ವರ್ಷವೆಂದು ಎಣಿಸಬೇಕೋ ಎಂಬ ಒಂದು ವರ್ಷದ ವ್ಯತ್ಯಾಸದ ಮೇಲೆ ನಾನು ಲೇಖನಗಳನ್ನು ಬರೆದಿದ್ದೇನೆ, ಹಿರಿಯರನ್ನು ತಿದ್ದಿದ್ದೇನೆ, ಒಬ್ಬರೊಡನೆ ಮಾತು ಬಿಟ್ಟಿದ್ದೇನೆ. ಆ ಒಂದೇ ಒಂದು, ಕೊನೆಗೂ ನನ್ನ ವಿಳಾಸ ಹುಡುಕಿಕೊಂಡು ಬಂದಿತ್ತು.

ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ನನ್ನನ್ನು ಕಾಡಿದ್ದು ನನ್ನ ಎಣಿಕೆಯಲ್ಲ. ಮೌನೇಶಪ್ಪನವರ ಸೀಳಿದ ಹಲ್ಲು. ನಲವತ್ತು ವರ್ಷ ಕಬ್ಬಿಣ ಕಡೆದ ಕೈ ಒಂದು ಸತ್ಯ ಹೇಳಿತು. ನನ್ನ ಹಾಳೆ ಇನ್ನೊಂದು ಹೇಳಿತು. ಆ ಸಜ್ಜನ ತಮ್ಮ ಕೈಯನ್ನು ಅನುಮಾನಿಸಿದರೇ ಹೊರತು ನನ್ನ ಸಹಿಯನ್ನಲ್ಲ. ಹಾಗಾದರೆ ಇಷ್ಟು ವರ್ಷ ನಾನು ಹಳ್ಳಿ ಹಳ್ಳಿಗೆ ಹೋಗಿ ಕೇಳಿದ್ದೇನು? ಚಿಗಟೇರಿಯ ಕಡೆಯ ಒಂದು ಕೆರೆಯ ಏರಿಯ ಮೇಲೆ, ಹುಣಸೆಮರದ ನೆರಳಿನಲ್ಲಿ, ಒಬ್ಬ ಮುದುಕರನ್ನು ಕೇಳಿದ್ದು ನೆನಪಾಯಿತು: "ಅಜ್ಜಾರೆ, ಈ ಏರಿ ಒಡೆದದ್ದು ಧಾತು ಸಂವತ್ಸರದ ಬರ ಮುಗಿದ ಮೇಲೆ ಬಂದ ಮಳೆಗೇ ಅಲ್ಲವೆ?" ಅವರು ನನ್ನ ಜೀಪು, ಪ್ಯಾಂಟು, ಕನ್ನಡಕ ಎಲ್ಲವನ್ನೂ ನೋಡಿ, "ಹೌದ್ರಿ ಸಾಹೇಬ್ರ" ಎಂದಿದ್ದರು. ಅದು ನನ್ನ ಪುಸ್ತಕದಲ್ಲಿ ಅಡಿಟಿಪ್ಪಣಿಯಾಗಿದೆ: ಸ್ಥಳೀಯ ಹಿರಿಯರ ಹೇಳಿಕೆಯಿಂದ ದೃಢಪಟ್ಟಿದೆ. ಹಿರಿಯರು ಏನನ್ನೂ ಹೇಳಿರಲಿಲ್ಲ, ಹೇಳಿದವನು ನಾನು. ಅವರು ಮರ್ಯಾದೆಗೆ ಒಂದು ಹಲ್ಲು ಸೀಳಿಕೊಟ್ಟಿದ್ದರು.

ಆ ವಾರವೆಲ್ಲ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆಗೆದು ಕುಳಿತೆ. "ಅಲ್ಲವೆ?" ಎಂದು ನಾನು ಕೇಳಿ "ಹೌದು" ಪಡೆದ ಕಡೆಗಳಲ್ಲೆಲ್ಲ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣದಾಗಿ "೪೫" ಎಂದು ಬರೆದೆ. ಪೆನ್ಸಿಲನ್ನು ಎರಡು ಸಲ ಚೂಪು ಮಾಡಬೇಕಾಯಿತು.

ಮೌನೇಶಪ್ಪ ನಲವತ್ತನಾಲ್ಕು ಹಲ್ಲಿನ ನಾಲ್ಕು ಹೊಸ ಉಂಗುರಗಳನ್ನು ಕಡೆದುಕೊಟ್ಟರು. ಈ ಸಲ ನಾನು ಹಾಳೆ ಕೊಡಲಿಲ್ಲ. ಸೀಳಿದ ಹಲ್ಲಿನವುಗಳಲ್ಲಿ ಒಂದನ್ನು ಬೇಡಿ ತಂದುಕೊಂಡೆ. ಅದೇ ಮೇಜಿನ ಮೇಲಿರುವುದು. ಬೆರಳಾಡಿಸಿದರೆ ಅಕ್ಕಿಕಾಳಿನಷ್ಟು ತೆಳ್ಳಗಿನ ಆ ಎರಡು ಹಲ್ಲುಗಳು ಈಗಲೂ ತಾಗುತ್ತವೆ. ಗಾಲಿ ಒಂದು ಸುತ್ತು ಬಂದಾಗಲೆಲ್ಲ ಸೆನ್ಸರಿಗೆ ಅಲ್ಲಿ ಎಡವಿದಂತಾಗಿ, ಡಬ್ಬಿ ಹೆದರಿ ಬ್ರೇಕು ಬಿಡುತ್ತಿತ್ತಂತೆ. ದುರುಗಪ್ಪ ವಿಷಯ ತಿಳಿದು, "ಮರ್ಯಾದಿ ಅಂಬೂದು ಡಬ್ಬಿಗೆ ತಿಳಿಯಂಗಿಲ್ಲ ನೋಡ್ರಿ ಸರ್" ಎಂದ.

ಹೊಳಲಿಗೆ ಹೊರಟದ್ದು ಒಂದು ಶ್ರಾವಣದ ಬೆಳಿಗ್ಗೆ. ಹಗರಿಬೊಮ್ಮನಹಳ್ಳಿಯಲ್ಲಿ ತಿಂಡಿ, ಹಡಗಲಿಯಲ್ಲಿ ಅವಳು ಮಲ್ಲಿಗೆ ಕೊಂಡು, ಅರ್ಧ ಮುಡಿದು, ಅರ್ಧ ಅನಂತಶಯನನಿಗೆಂದು ಎಲೆಯಲ್ಲಿ ಕಟ್ಟಿ ಮಡಿಲಲ್ಲಿಟ್ಟುಕೊಂಡಳು. ಅಲ್ಲಿಯವರೆಗೆ ಎಡಗೈಯಿಂದ ಬಾಗಿಲನ್ನೂ ಬಲಗೈಯಿಂದ ಆಸನವನ್ನೂ ಹಿಡಿದಿದ್ದವಳು ಹೂವಿಗಾಗಿ ಒಂದು ಕೈ ಬಿಟ್ಟಳು. ಹಿರೇಹಡಗಲಿಯಲ್ಲಿ ಅವಳ ಶಾಲೆಯ ಮುಂದೆ ಕಾರು ನಿಧಾನ ಮಾಡಿದೆ. ಅವಳು ಕಟ್ಟಡದ ಕಡೆ ನೋಡಿದಳು. ನನ್ನ ಕಡೆ ನೋಡಲಿಲ್ಲ.

ಹೊಳಲು ಇನ್ನು ಸ್ವಲ್ಪ ದೂರವಿರುವಾಗ ಮಳೆ ಬಂದುಹೋಗಿ ರಸ್ತೆ ಮಿನುಗುತ್ತಿತ್ತು. ಜೋಳದ ಹೊಲದಿಂದ ಒಂದು ಎಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ ಟಾರಿನ ನಡುವೆ ಬಂದು ನಿಂತಿತು. ಬಲವಾಗಿ ಒತ್ತಿದೆ. ಪಾದದ ಕೆಳಗೆ ಪೆಡಲು ಗುಬ್ಬಿಯ ಎದೆಯಂತೆ ಬಡಿದುಕೊಂಡಿತು. ಮೂತಿ ತುಸು ಬಾಗಿತು, ಹೊಸ ಶಾಕ್ ಅಬ್ಸಾರ್ಬರುಗಳು ಅದನ್ನು ಮೆಲ್ಲಗೆ ಎತ್ತಿದವು, ಕಾರು ನಿಂತಿತು. ಎಮ್ಮೆ ಒಮ್ಮೆ ನೋಡಿ, ತನ್ನ ಪಾಡಿಗೆ ದಾಟಿ ಹೋಯಿತು. ನಮ್ಮ ಮುಂದೆ ಹೊಳಲಿನ ದಾರಿ ಹಾಗೆಯೇ ನೇರವಾಗಿ ಬಿದ್ದಿತ್ತು.

"ಹೆದರಿಕಿ ಆಗಲಿಲ್ಲ ಅಲ್ಲ?" ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. "ಇಲ್ರಿ" ಎಂಬ ಉತ್ತರವೂ ಅದರೊಂದಿಗೇ ಬಂದಿತ್ತು, ಕೇಳಿದ್ದರೆ ಕೊಟ್ಟುಬಿಡುತ್ತಿದ್ದಳೇನೋ. ಎರಡನ್ನೂ ನುಂಗಿದೆ.

"ಹೆಂಗನಿಸ್ತು?" ಎಂದು ಕೇಳಿದೆ.

ಅವಳು ಮಡಿಲಿನ ಹೂವಿನ ಪೊಟ್ಟಣ ಬಿದ್ದಿಲ್ಲವೆಂದು ನೋಡಿಕೊಂಡಳು. ಕಾರಿನ ಮೂತಿ ಯಾವ ಕಡೆಗಿದೆಯೆಂದು ನೋಡಿದಳು.

"ಭಾಳ ಹೆದರಿಕಿ ಆತು" ಎಂದಳು. "ನೆಟ್ಟಗ ನಿಂತೈತಿ. ನಡೀರಿ."